ಅಪ್‌ಡೇಟ್: ಕಂಟ್ರಾಕ್ಟರ್ ಜೊತೆ ಕರಾರು ಆಯಿತು

ಸೋಮವಾರಪೇಟೆ ಹತ್ತಿರ ಮನೆ ಕಟ್ಟಿಸಬೇಕು, ಕಂಟ್ರಾಕ್ಟರ್ ಬರೀ ಬಾಯಿಮಾತಿನ ಮೇಲೆ ಅರ್ಧ ದುಡ್ಡು ಅಡ್ವಾನ್ಸ್ ಕೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮಡಿಕೇರಿಯಲ್ಲಿ ಒಬ್ಬ ವಕೀಲರ ಹತ್ತಿರ ಇ-ಸ್ಟಾಂಪ್ ಮೇಲೆ ಕರಾರು ಬರೆಸಿದೆ. 1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ. ಆದರೆ ಅದನ್ನು ಸಾಬೀತು ಮಾಡುವವರು ಯಾರು?

ಎಳೆದಾಟ ಜಾಸ್ತಿ ಆಗಿದ್ದು ಹಣದ ವಿಷಯದಲ್ಲಿ. ಅಡ್ವಾನ್ಸ್ ಶೇ 10 ಮಾತ್ರ. ಉಳಿದದ್ದು ಪಾಯ, ಲಿಂಟಲ್, ತಾರಸಿ, ಹೀಗೆ ಒಂದೊಂದು ಹಂತ ಮುಗಿದ ಮೇಲೆ, ಅದೂ ಬ್ಯಾಂಕ್ ಮೂಲಕ. ಶೇ 5 ಒಂದು ಮಳೆಗಾಲ ಕಳೆಯುವವರೆಗೆ ನಮ್ಮಲ್ಲೇ ಇರುತ್ತದೆ. ಇದಕ್ಕೆ ಅವರು ಮುಖ ಗಂಟು ಹಾಕಿದರು. ತಾರಸಿ ಸೋರುತ್ತದೋ ಇಲ್ಲವೋ ಅಂತ ನಮ್ಮ ಜಡಿಮಳೆಯಲ್ಲೇ ತಾನೇ ಗೊತ್ತಾಗುವುದು? ಕೊನೆಗೆ ಒಪ್ಪಿದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನು ಗಡುವಿನಲ್ಲಿ ಸೇರಿಸಿಲ್ಲ. ಅದು ಅವರ ಕಡೆಯ ನ್ಯಾಯ, ಬಿಡಿ. ಬರೆ (ಗುಡ್ಡದ ಇಳಿಜಾರು) ಕಡಿದ ಕಡೆ ತಡೆಗೋಡೆ ಯಾರ ಖರ್ಚು ಅಂತಲೂ ಬರೆಸಿದೆ. 2018ರ ಮಳೆಗೆ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೋಡಿದವರು ಇದನ್ನು ಸುಮ್ನೆ ಬಿಡುವ ಹಾಗಿಲ್ಲ ಅಲ್ವಾ. ಸಿಮೆಂಟ್, ಕಂಬಿಯ ಗ್ರೇಡ್ ಕೂಡ ಅದರಲ್ಲೇ ಇದೆ. ಎಕ್ಸ್‌ಟ್ರಾ ಕೆಲಸ ಏನಿದ್ದರೂ ಬರಹದಲ್ಲಿ ಒಪ್ಪಿಗೆ ಬೇಕು.

ಜಗಳ ಬಂದರೆ ಏನು ಅಂತ ಒಬ್ಬರು ಕೇಳಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ, 2 ವರ್ಷದೊಳಗೆ ದೂರು ಕೊಡಬಹುದು. ಹಾಗಾಗಿ ಪ್ರತಿ ಬಿಲ್ಲು, ಫೋಟೋ ಎತ್ತಿಡುತ್ತಿದ್ದೇನೆ. ಪಾಯದ ಕೆಲಸ ಶುರುವಾಗಿದೆ.