ಕಾರ್ಬನ್ ಇಂಕ್ ಬಫರ್‌ನಲ್ಲಿ ಎದ್ದು ಬರ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ರಾಸಾಯನಿಕ ಸೆನ್ಸರ್‌ಗೆ ಎಲೆಕ್ಟ್ರೋಡ್‌ಗಳನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮಾಡುತ್ತಿದ್ದೇನೆ. ಇಂಕ್ ನಾನೇ ಕಲಸುತ್ತೇನೆ: ಗ್ರಾಫೈಟ್ ಪುಡಿ, ಸ್ವಲ್ಪ ಕಾರ್ಬನ್ ಬ್ಲ್ಯಾಕ್, ಅಂಟಿಗೆ ಈಥೈಲ್ ಸೆಲ್ಯುಲೋಸ್, ಅದನ್ನು ಕರಗಿಸಲು ಟರ್ಪಿನಿಯೋಲ್. ಪಿಇಟಿ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಮಾಡಿ ಓವನ್‌ನಲ್ಲಿ ಒಣಗಿಸುತ್ತೇನೆ.

ಒಣಗಿದಾಗ ಚೆನ್ನಾಗಿಯೇ ಇರುತ್ತದೆ. ಉಜ್ಜಿದರೂ ಬೆರಳಿಗೆ ಮಸಿ ಹತ್ತುವುದಿಲ್ಲ. ಆದರೆ ಬಫರ್‌ನಲ್ಲಿ (ಪಿಎಚ್ ಹೆಚ್ಚು ಬದಲಾಗದಂತೆ ಹಿಡಿದಿಡುವ ದ್ರಾವಣ) ಅದ್ದಿಟ್ಟರೆ ಅಂಚಿನಿಂದ ಪೊರೆಯ ಹಾಗೆ ಏಳಲು ಶುರುವಾಗುತ್ತದೆ. ಅಂಟು ಜಾಸ್ತಿ ಮಾಡಿದರೆ ಹಿಡಿತ ಬರುತ್ತದೆ, ಆದರೆ ರೆಸಿಸ್ಟೆನ್ಸ್ ಏರಿಬಿಡುತ್ತದೆ. ಕಣಗಳು ಒಂದಕ್ಕೊಂದು ತಾಗಿದರೆ ತಾನೇ ಕರೆಂಟ್ ಹರಿಯುವುದು, ನಡುವೆ ಅಂಟು ಕೂತರೆ ದಾರಿಯೇ ಮುಚ್ಚುತ್ತದೆ ಅಲ್ವಾ?

ಪೊಟ್ಯಾಶಿಯಂ ಫೆರಿಸಯನೈಡ್‌ನಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆಯುವ ಪರೀಕ್ಷೆ) ಮಾಡಿದರೆ ಕರೆಂಟ್‌ನ ಎರಡು ಪೀಕ್‌ಗಳು ತುಂಬಾ ದೂರ ಕೂರುತ್ತವೆ. ಆದರ್ಶ ಅಂತರ ಸುಮಾರು 59 ಮಿಲಿವೋಲ್ಟ್. ಇಂಥ ಇಂಕ್‌ನಲ್ಲಿ ಅಷ್ಟು ಕಡಿಮೆ ಬರಲಿ ಅಂತ ನಾನು ಕೇಳುತ್ತಿಲ್ಲ, ಆದರೆ ಇದು ವಿಪರೀತ.

ನನ್ನ ಅನುಮಾನ ಟರ್ಪಿನಿಯೋಲ್ ಮೇಲೆ. ಅದು ಕುದಿಯುವುದು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಹಾಗಾಗಿ ಸ್ವಲ್ಪ ಒಳಗೇ ಉಳಿದಿರಬಹುದು. ಬಿಸಿ ಏರಿಸೋಣ ಅಂದರೆ ಹಾಳೆ ಮುದುಡುತ್ತದೆ.

ಸೆಲ್ಯುಲೋಸ್ ಅಸಿಟೇಟ್ ಅಥವಾ ಪಾಲಿಸ್ಟೈರೀನ್ ಅಂಟಾಗಿ ಬಳಸಿದವರು ಇದ್ದೀರಾ? ಯಾವ ದ್ರಾವಕದ ಜೊತೆ, ಎಷ್ಟು ಪಾಲು ಹಾಕಿದಿರಿ? ದ್ರಾವಕ ಬೇಗ ಆರಿದರೆ ಪ್ರಿಂಟ್ ಮಾಡುವಾಗಲೇ ಸ್ಕ್ರೀನ್‌ನ ಮೆಶ್ (ಜಾಲರಿ) ಕಟ್ಟಿಕೊಳ್ಳುತ್ತದೆ, ಅದಕ್ಕೇನು ಮಾಡುತ್ತೀರಿ? ಇನ್ನೊಂದು, ಪೀಕ್ ಅಂತರ ತಗ್ಗಿಸಲು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ವೋಲ್ಟೇಜ್ ಕೊಟ್ಟು ಮೇಲ್ಮೈ ಚುರುಕುಗೊಳಿಸಿದರೆ ಇಂಕ್ ತಡೆಯುತ್ತದಾ? ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.