ಲಿಬ್ರೆಆಫೀಸ್ ಯೋಜನೆಗೆ ಕೊಡುಗೆ ನೀಡಲು ಎಲ್ಲಿಂದ ಆರಂಭಿಸಬೇಕು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಸಿ ಪ್ಲಸ್ ಪ್ಲಸ್ ಭಾಷೆಯನ್ನು ಪಠ್ಯದ ಮಟ್ಟಿಗೆ ಕಲಿತಿದ್ದೇನೆ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಬಳಕೆಯೂ ಅಲ್ಪಸ್ವಲ್ಪ ತಿಳಿದಿದೆ. ನಿತ್ಯ ಬಳಸುವ ಮುಕ್ತ ಕಚೇರಿ ತಂತ್ರಾಂಶ ಲಿಬ್ರೆಆಫೀಸಿಗೆ ನನ್ನಿಂದಾದ ಕೆಲಸ ಮಾಡಬೇಕೆಂಬ ಆಸೆಯಿಂದ ಅದರ ಕೋಡನ್ನು ಇಳಿಸಿಕೊಂಡು ನೋಡಿದೆ. ಯಾವ ಕಡತದಿಂದ ಓದಲು ತೊಡಗಬೇಕೆಂಬುದೇ ತಿಳಿಯಲಿಲ್ಲ. ಇಡೀ ಕೋಡು ಅರ್ಥವಾದ ಮೇಲೆಯೇ ಸಮುದಾಯವನ್ನು ಸೇರಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಳೇಬೇರು:
ಆ ಚಿಂತೆಯನ್ನು ಮೊದಲು ಬಿಡಿ. 1980ರ ದಶಕದಲ್ಲಿ ಜರ್ಮನಿಯಲ್ಲಿ ಸ್ಟಾರ್‌ರೈಟರ್ ಆಗಿ ಹುಟ್ಟಿ, 2000ದಲ್ಲಿ ಓಪನ್‌ಆಫೀಸ್ ಹೆಸರಿನಲ್ಲಿ ಕೋಡು ಎಲ್ಲರಿಗೂ ಮುಕ್ತಗೊಂಡು, 2010ರಲ್ಲಿ ಕವಲೊಡೆದು ಲಿಬ್ರೆಆಫೀಸ್ ಆದ ತಂತ್ರಾಂಶವಿದು. ಇಷ್ಟು ತಲೆಮಾರುಗಳ ಕೋಡನ್ನು ಒಬ್ಬರೇ ಪೂರ್ತಿ ಬಲ್ಲರೆಂದು ನನಗನಿಸುವುದಿಲ್ಲ. ಅದರೊಳಗೆ ಉಳಿದಿದ್ದ ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರುವ ಕೆಲಸವನ್ನು ಹೊಸಬರಿಗೆಂದೇ ತೆರೆದಿಡಲಾಗಿತ್ತು. ಪ್ರೋಗ್ರಾಮಿಂಗ್ ಹೆಚ್ಚು ಬಾರದವರಿಗೂ ಅಲ್ಲಿ ಕೆಲಸವಿತ್ತು.

ನನ್ನ ಸಲಹೆಯೆಂದರೆ, ಕೋಡಿಗಿಂತ ಮೊದಲು ಬಗ್‌ಜಿಲ್ಲಾಗೆ ಹೋಗಿ. ಬಳಕೆದಾರರು ವರದಿ ಮಾಡಿದ, ಇನ್ನೂ ಯಾರೂ ದೃಢಪಡಿಸದ ದೋಷಗಳು ಅಲ್ಲಿರುತ್ತವೆ. ಒಂದನ್ನು ಆರಿಸಿಕೊಂಡು, ಇತ್ತೀಚಿನ ಆವೃತ್ತಿಯಲ್ಲಿ ಅದು ನಿಮಗೂ ಕಾಣಿಸುತ್ತದೆಯೇ ಎಂದು ಪರೀಕ್ಷಿಸಿ, ಆವೃತ್ತಿ, ಆಪರೇಟಿಂಗ್ ಸಿಸ್ಟಂ ಮತ್ತು ಅನುಸರಿಸಿದ ಹಂತಗಳನ್ನು ಸ್ಪಷ್ಟವಾಗಿ ಬರೆಯಿರಿ. ಹಿಂದೆ ಸರಿಯಾಗಿದ್ದು ಈಗ ಕೆಟ್ಟಿರುವ ದೋಷವಾದರೆ ಬಿಬಿಸೆಕ್ಟ್ ಎಂಬ ಸೌಲಭ್ಯವಿದೆ: ಮೊದಲೇ ಬಿಲ್ಡ್ ಮಾಡಿಟ್ಟ, ಅಂದರೆ ಕೋಡಿನಿಂದ ಓಡಿಸಬಲ್ಲ ತಂತ್ರಾಂಶವಾಗಿ ಸಿದ್ಧಪಡಿಸಿಟ್ಟ, ಪ್ರತಿಗಳ ಗಿಟ್ ಭಂಡಾರವದು. ನೀವು ಏನನ್ನೂ ಕಂಪೈಲ್ ಮಾಡದೆ, ಪ್ರತಿ ಹಂತದಲ್ಲೂ ಶಂಕಿತ ಬದಲಾವಣೆಗಳನ್ನು ಅರ್ಧಕ್ಕಿಳಿಸುತ್ತ ಹೋಗಿ, ದೋಷಕ್ಕೆ ಕಾರಣವಾದ ಬದಲಾವಣೆಯ ಸಮೀಪಕ್ಕೆ ತಲುಪಬಹುದು. ಯಾವ ಕಡತದಿಂದ ಓದಬೇಕೆಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿಯೇ, ಏಕೆಂದರೆ ಆ ಬದಲಾವಣೆ ಮುಟ್ಟಿದ ಕಡತಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಇರುತ್ತವೆ ಮತ್ತು ಅವುಗಳನ್ನು ಏಕೆ ಓದುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರುತ್ತದೆ.

ಕಡಲಂಚು:
ಹಳೇಬೇರು ಅವರ ಮಾತನ್ನು ಒಪ್ಪುತ್ತೇನೆ. ಆದರೆ ಬಿಲ್ಡ್ ಮಾಡುವುದನ್ನು ಮುಂದೂಡಬೇಡಿ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಮೊದಲ ಬಿಲ್ಡ್‌ಗೆ ಹಲವು ಗಂಟೆಗಳು ಹಿಡಿಯುತ್ತವೆ, ಹಿಂದಿನ ಕಂಪೈಲ್ ಫಲಿತಾಂಶಗಳನ್ನು ಉಳಿಸಿಟ್ಟು ಮರುಬಳಸುವ ಸಿಸಿಕ್ಯಾಶ್ ಬಳಸಿದರೆ ಮುಂದಿನವು ಬೇಗ ಮುಗಿಯುತ್ತವೆ. ಅನಂತರ ಬಗ್‌ಜಿಲ್ಲಾದಲ್ಲಿ ಈಸಿಹ್ಯಾಕ್ ಎಂಬ ಗುರುತಿನ, ಆರಂಭಿಕರ ಮಟ್ಟದ ಕೆಲಸವನ್ನು ಆರಿಸಿಕೊಳ್ಳಿ. ನಿಮ್ಮ ಕೊಡುಗೆಗಳನ್ನು ಯೋಜನೆಯ ಪರವಾನಗಿಗಳ ಅಡಿಯಲ್ಲಿ ನೀಡುತ್ತಿದ್ದೀರೆಂದು ಡೆವಲಪರ್‌ಗಳ ಮೇಲಿಂಗ್ ಲಿಸ್ಟಿಗೆ ಒಮ್ಮೆ ಬರೆದು ಕಳುಹಿಸಬೇಕು. ಹೊಸಬರು ಇದನ್ನು ಮರೆಯುವುದುಂಟು.

ಪ್ಯಾಚನ್ನು, ಅಂದರೆ ನಿಮ್ಮ ಕೋಡು ಬದಲಾವಣೆಯನ್ನು, ಕೋಡು ಪರಿಶೀಲನೆಯ ತಾಣವಾದ ಗೆರಿಟ್‌ಗೆ ಸಲ್ಲಿಸಿದಾಗ ಜೆಂಕಿನ್ಸ್ ಎಂಬ ಪರೀಕ್ಷಾ ವ್ಯವಸ್ಥೆ ಅದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಲ್ಲಿ ತಾನಾಗಿಯೇ ಬಿಲ್ಡ್ ಮಾಡಿ ನೋಡುತ್ತದೆ, ಆಮೇಲೆ ಹಿರಿಯರು ಸಾಲುಸಾಲಾಗಿ ಪರಿಶೀಲಿಸುತ್ತಾರೆ. ಅವರು ತಿದ್ದುಪಡಿ ಸೂಚಿಸಿದರೆ ಹೊಸ ಪ್ಯಾಚ್ ಕಳುಹಿಸದೆ, ಅದೇ ಕಮಿಟ್ಟನ್ನು (ಗಿಟ್‌ನಲ್ಲಿ ದಾಖಲಾದ ಬದಲಾವಣೆಯನ್ನು) ತಿದ್ದಿ, ಗೆರಿಟ್ ಅದನ್ನು ಗುರುತಿಸುವ ಚೇಂಜ್ ಐಡಿಯನ್ನು ಉಳಿಸಿಕೊಂಡು ಮತ್ತೆ ಸಲ್ಲಿಸಿ. ಅಷ್ಟು ಸೂಕ್ಷ್ಮವಾಗಿ ನಮ್ಮ ಕೋಡನ್ನು ಓದಿ ಹೇಳುವವರು ಸಿಗುವುದು ಭಾಗ್ಯವೆಂದೇ ನಾನು ಭಾವಿಸುತ್ತೇನೆ.

ತುಂಗಾತೀರ:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ಯಾಚ್ ಸಲ್ಲಿಸಿದ ಮೇಲೆ ಯಾರೂ ಪ್ರತಿಕ್ರಿಯಿಸದಿದ್ದರೆ ಏನು ಮಾಡಬೇಕು?

ಕಡಲಂಚು:
ಒಂದು ವಾರ ಕಾಯಿರಿ. ಆ ಕಡತದ ಗಿಟ್ ಇತಿಹಾಸದಲ್ಲಿ ಇತ್ತೀಚೆಗೆ ಕೆಲಸ ಮಾಡಿದವರು ಯಾರೆಂದು ನೋಡಿ, ಅವರನ್ನು ಗೆರಿಟ್‌ನಲ್ಲಿ ಪರಿಶೀಲಕರಾಗಿ ಸೇರಿಸಿ, ಡೆವಲಪರ್‌ಗಳ ಐಆರ್‌ಸಿ ಎಂಬ ಚಾಟ್ ವಾಹಿನಿಯಲ್ಲಿ ವಿನಯದಿಂದ ಕೇಳಿ.

ಮಲೆಸೆರಗು:
ಇನ್ನೊಂದು ಮಾತು. ಲಿಬ್ರೆಆಫೀಸ್‌ನ ಕನ್ನಡಕ್ಕೆ ಸಂಬಂಧಿಸಿದ ದೋಷಗಳನ್ನು ಕನ್ನಡ ಓದಬಲ್ಲವರೇ ಹಿಡಿಯಬೇಕು. ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಮೂಡುತ್ತವೆಯೇ, ಪಿಡಿಎಫ್‌ನಿಂದ ನಕಲಿಸಿದ ಪಠ್ಯ ಕ್ರಮ ತಪ್ಪುತ್ತದೆಯೇ, ಕರ್ಸರ್ ಅಕ್ಷರದ ನಡುವೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. 2017ರ 5.3 ಆವೃತ್ತಿಯಿಂದ ಅಕ್ಷರ ಜೋಡಣೆಗೆ ಎಲ್ಲ ವೇದಿಕೆಗಳಲ್ಲೂ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಕೆಯಲ್ಲಿದೆ. ಫೈರ್‌ಫಾಕ್ಸ್ ಬಳಸುವುದೂ ಅದನ್ನೇ. ಆದ್ದರಿಂದ ಅದೇ ಪಠ್ಯವನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ತೆರೆದು ನೋಡಿ: ಅಲ್ಲಿಯೂ ತಪ್ಪಾಗಿ ಕಂಡರೆ ಫಾಂಟನ್ನೋ ಹಾರ್ಫ್‌ಬಜ್ಜನ್ನೋ ಶಂಕಿಸಬೇಕು, ಅಲ್ಲಿ ಸರಿಯಿದ್ದರೆ ದೋಷ ಬಹುಮಟ್ಟಿಗೆ ಲಿಬ್ರೆಆಫೀಸಿನದೇ. ವರದಿಯ ಜೊತೆಗೆ ಚಿಕ್ಕ ಮಾದರಿ ಕಡತ, ಫಾಂಟಿನ ಹೆಸರು, ತಪ್ಪು ರೂಪದ ಮತ್ತು ಸರಿಯಾದ ರೂಪದ ಚಿತ್ರಗಳನ್ನು ಲಗತ್ತಿಸಿ. ಅದನ್ನು ಸರಿಪಡಿಸುವ ಡೆವಲಪರ್‌ಗೆ ಕನ್ನಡ ಅಕ್ಷರಗಳ ಪರಿಚಯವೇ ಇಲ್ಲದಿರಬಹುದು.