ಚಿನ್ನ-25 ಎಂತ ಮಾಡಿದ್ರೂ ಕೂರ್ತಾ ಇಲ್ಲ, ಗ್ಯಾಪ್ ಸೊನ್ನೆ!

ಕುಂಬಳೆ_ಹೊಳೆ: ಮೂರು ದಿನ ಆಯ್ತು ಮಾರಾಯ್ರೇ, ತಲೆ ಕೆಟ್ಟಿದೆ. ಎರಡು ಚಿನ್ನ-25 ಗೊಂಚಲು (ಒಂದೊಂದರಲ್ಲಿ 25 ಚಿನ್ನದ ಪರಮಾಣು) ಕಂಪ್ಯೂಟರಿನಲ್ಲಿ ಜೋಡಿಸಿ ಅಣು ಮಾಡುವ ಅಂತ ಹೊರಟದ್ದು. ಮೊದಲು ಒಂಟಿ ಓಡಿಸಿದೆ: ಕ್ವಾಂಟಮ್ ಎಸ್ಪ್ರೆಸೊ (ಎಲೆಕ್ಟ್ರಾನ್ ಲೆಕ್ಕದ ಪ್ರೋಗ್ರಾಂ), ಸುತ್ತ 18 ಮೀಥೈಲ್ ಥಯೊಲೇಟ್ (ಗಂಧಕದ ಮೂಲಕ ಚಿನ್ನಕ್ಕೆ ಅಂಟುವ ಗುಂಪು), ಒಟ್ಟು 115 ಪರಮಾಣು. 200 ಸುತ್ತಾದರೂ ಕನ್ವರ್ಜ್ ಇಲ್ಲ, ಉತ್ತರ ಒಂದು ಕಡೆ ನಿಲ್ಲುವುದೇ ಇಲ್ಲ. ಸ್ಮಿಯರಿಂಗ್ (ಎಲೆಕ್ಟ್ರಾನನ್ನು ಹತ್ತಿರದ ಮಟ್ಟಗಳಿಗೆ ಹರಡುವುದು) ಜಾಸ್ತಿ ಮಾಡಿದರೆ ಹೇಗೋ ಮುಗಿಯುತ್ತದೆ, ಆದರೆ ತುಂಬಿದ ಮತ್ತು ಖಾಲಿ ಮಟ್ಟಗಳ ನಡುವೆ ಗ್ಯಾಪೇ ಇಲ್ಲ. ಇದಕ್ಕೆ ಸೂಪರ್‌ಆಟಂ (ಒಂದೇ ಪರಮಾಣುವಿನ ಹಾಗೆ ವರ್ತಿಸುವ ಗೊಂಚಲು) ಅಂತ ಹೆಸರು ಬೇರೆ! ಚಿನ್ನ-38 ಇದೇ ಸೆಟ್ಟಿಂಗಿನಲ್ಲಿ ಒಂದೇ ಸಲಕ್ಕೆ ಬಂದಿತ್ತು.

ಬೀಟಾ_ಭಟ್ರು: ಮಿಕ್ಸಿಂಗ್ ಬೀಟಾ (ಪ್ರತಿ ಸುತ್ತಿಗೆ ಹೊಸ ಉತ್ತರ ಎಷ್ಟು ಬೆರೆಸುವುದು ಅಂತ) 0.7 ಇರಬೇಕು. 0.1 ಮಾಡಿ.

ಕುಂಬಳೆ_ಹೊಳೆ: ಮೊದಲೇ 0.1 ಭಟ್ರೇ.

ಬೀಟಾ_ಭಟ್ರು: ಹಾಗಾದರೆ 0.05.

ಮಂಜೇಶ್ವರದವ: ಗೊಂಚಲು ದ್ರಾಕ್ಷಿಗೆ ಸ್ವಾಮಿ. ಗುಚ್ಛ ಅನ್ನಿ.

ಬದಿಯಡ್ಕ_ಅಡಿಕೆ: ಗುಚ್ಛ ಹೂವಿಗೆ. ನಮ್ಮಲ್ಲಿ ಗೊನೆ. ಅದಿರಲಿ, ರ್‍ಯಾಮ್ ಎಷ್ಟುಂಟು? ನನ್ನದು 128 ಜಿಬಿ, ಎರಡು ಇನ್ವರ್ಟರ್. ಆಟಿಯ ಮಳೆಗೆ ಕರೆಂಟು ಹೋದರೂ ಓಡ್ತಾ ಇರ್ತದೆ.

ಕುಂಬಳೆ_ಹೊಳೆ: 0.05ಕ್ಕೂ ಇಲ್ಲ.

ಬೀಟಾ_ಭಟ್ರು: 0.02 ನೋಡಿ.

ಉಪ್ಪಳ_ಅಕ್ಕ: ಭಟ್ರೇ, ಸಾಕು. ತಮ್ಮಾ, ಔಟ್‌ಪುಟ್‌ನ ಮೇಲ್ಗಡೆ ಎಲೆಕ್ಟ್ರಾನ್ ಎಷ್ಟುಂಟು?

ಕುಂಬಳೆ_ಹೊಳೆ: 509. ಯಾಕಕ್ಕ?

ಉಪ್ಪಳ_ಅಕ್ಕ: ಬೆಸ! ಒಂದಕ್ಕೆ ಜೋಡಿ ಇಲ್ಲ. ರಚನೆ ಎಲ್ಲಿಂದ ತಂದದ್ದು?

ಕುಂಬಳೆ_ಹೊಳೆ: 2008ರ ಸ್ಫಟಿಕ ಫೈಲು. ಪಕ್ಕದಲ್ಲಿ ಉದ್ದ ಬಾಲದ ಅಮೋನಿಯಂ ಇತ್ತು, ಸುಮ್ಮನೆ ಪರಮಾಣು ಜಾಸ್ತಿ ಅಂತ ತೆಗೆದೆ. ಅದೆಲ್ಲ ಎಲ್ಲರೂ ಮಾಡುವುದೇ ಅಲ್ವಾ?

ಉಪ್ಪಳ_ಅಕ್ಕ: ಅದನ್ನು ಮೊದಲೇ ಹೇಳುವುದಲ್ಲವಾ! ಅದು ಧನ ಅಯಾನು, ಅಂದರೆ ಗೊಂಚಲಿನ ಮೇಲೆ −1. ನೀನು ಚಾರ್ಜ್ ಸೊನ್ನೆ ಬಿಟ್ಟಿದ್ದಿ. ಲೆಕ್ಕ ಹಾಕು: ಚಿನ್ನದಿಂದ ತಲಾ ಒಂದು 6ಎಸ್ (ಹೊರಚಿಪ್ಪಿನ) ಎಲೆಕ್ಟ್ರಾನ್, 25. ಥಯೊಲೇಟ್ ತಲಾ ಒಂದು ಕಟ್ಟಿಹಾಕ್ತದೆ, ಉಳಿದದ್ದು 7. ಹೊರಗಿನ ಒಂದು (ಆ −1ರದ್ದು) ಸೇರಿದರೆ 8. ಇಡೀ ಗೊಂಚಲನ್ನು ಒಂದೇ ಪರಮಾಣು ಅಂತ ನೋಡಿದರೆ 1ಎಸ್‌ಗೆ 2, 1ಪಿಗೆ 6, ಚಿಪ್ಪು ಭರ್ತಿ. 38ರಲ್ಲಿ ಥಯೊಲೇಟ್ 24, 38−24 = 14, ಸಮ, ಚಾರ್ಜೂ ಬೇಡ. ಅದಕ್ಕೇ ಓಡಿತು.

ಮಂಜೇಶ್ವರದವ: ಹಾಗಾದರೆ ಎರಡು ಚಿನ್ನ-25 ಜೋಡಿಸಿದರೆ?

ಉಪ್ಪಳ_ಅಕ್ಕ: ಎರಡೂ 8 ಆದರೆ ನಿಯಾನಿಗೆ ನಿಯಾನ್ ಕಟ್ಟಿದ ಹಾಗೆ, ಬಂಧ ಬರುವುದಿಲ್ಲ. ತಟಸ್ಥದ 7 ಫ್ಲೋರಿನ್ ಇದ್ದ ಹಾಗೆ, ಜೋಡಿ ಹುಡುಕ್ತದೆ. 38ರ ಒಳಗೆ ಆದದ್ದೂ ಅದೇ: 13-13ರ ಎರಡು ಇಪ್ಪತ್ತು-ಮುಖಿಗಳು ಮೂರು ಪರಮಾಣು ಹಂಚಿಕೊಂಡು 23ರ ತಿರುಳು, ಎಲೆಕ್ಟ್ರಾನ್ 14, ಫ್ಲೋರಿನ್ ಅಣುವಿನ ಲೆಕ್ಕ. ತಟಸ್ಥ ಒಂಟಿ ಬೇಕಾದರೆ nspin = 2 ಹಾಕಿ (ಎರಡು ಸ್ಪಿನ್ನಿನ ಎಲೆಕ್ಟ್ರಾನಿಗೆ ಬೇರೆ ಬೇರೆ ಲೆಕ್ಕ) ಓಡಿಸು.

ಬದಿಯಡ್ಕ_ಅಡಿಕೆ: ಸ್ಪಿನ್ ಹಾಕಿದರೆ ರ್‍ಯಾಮ್ ಬೇಕಾಗ್ತದೆ, ನಾನು ಹೇಳಿದ್ದೆ.

ಕುಂಬಳೆ_ಹೊಳೆ: ಅಕ್ಕಾ, −1 ಹಾಕಿದೆ. ಕೂತಿತು! ಗ್ಯಾಪ್ ಒಂದು ಇವಿ (ಎಲೆಕ್ಟ್ರಾನ್ ವೋಲ್ಟ್) ಚಿಲ್ಲರೆ.

ಬೀಟಾ_ಭಟ್ರು: ಬೀಟಾ ಎಷ್ಟಿಟ್ಟದ್ದು?

ಕುಂಬಳೆ_ಹೊಳೆ: 0.1.

ಬೀಟಾ_ಭಟ್ರು: ನಾನು ಮೊದಲೇ ಹೇಳಿದ್ದು ಅದನ್ನೇ.